ವಿಲಿಯಮ್ಸ್‌ಬರ್ಗಿನ ಹರಾಜು ಮತ್ತು ಅದರ ತರುವಾಯ

1994ನೆಯ ಇಸವಿಯ ಅಕ್ಟೋಬರ್ 10ರಂದು, ಅಮೆರಿಕದ ವರ್ಜೀನಿಯಾ ಸಂಸ್ಥಾನದ ವಿಲಿಯಮ್ಸ್‌ಬರ್ಗ್ ಎಂಬ ಪಟ್ಟಣದಲ್ಲಿ, ಹದಿನೆಂಟನೆಯ ಶತಮಾನದ ಒಂದು ಪಾನಗೃಹದ ಮೆಟ್ಟಿಲುಗಳ ಮೇಲೆ ನಾಲ್ವರು ಮನುಷ್ಯರನ್ನು ಹರಾಜಿಗೆ ನಿಲ್ಲಿಸಲಾಯಿತು. ನಿಂತವರೂ ನಿಲ್ಲಿಸಿದವರೂ ಅಲ್ಲಿಯ ವಸ್ತುಸಂಗ್ರಹಾಲಯದ ಸಿಬ್ಬಂದಿಯೇ. ಸವಾಲು ಕೂಗಿದವನ ಕೈಗೆ ಒಂದು ಕಾಸೂ ಬರಲಿಲ್ಲ. ಆದರೂ ಸುಮಾರು ಎರಡು ಸಾವಿರ ಜನ ಬೀದಿಯಲ್ಲಿ ನೆರೆದು ನೋಡುತ್ತಿರುವಾಗ, ಬಟ್ಟೆ ಒಗೆಯುವ ಹೆಂಗಸೊಬ್ಬಳನ್ನು ಸ್ವತಂತ್ರನಾಗಿದ್ದ ಅವಳ ಗಂಡನೇ ಬೆಲೆ ಕೊಟ್ಟು ಬಿಡಿಸಿಕೊಂಡುದನ್ನೂ, ಬಡಗಿಯೊಬ್ಬನು ತನ್ನ ಉಳಿ ಬಾಚಿಗಳ ಸಮೇತ ಬಿಕರಿಯಾದುದನ್ನೂ, ಬಸುರಿಯಾದ ಹೆಂಡತಿ ಒಬ್ಬ ಧಣಿಗೂ ಅವಳ ಗಂಡ ಇನ್ನೊಬ್ಬ ಧಣಿಗೂ ಪಾಲಾಗಿ ಹೋದುದನ್ನೂ ಕಂಡು ಅನೇಕರು ಕಣ್ಣೀರು ಹಾಕಿದರು. ಬಸುರಿಯ ಪಾತ್ರವನ್ನು ವಹಿಸಿದ್ದಾಕೆ ಕ್ರಿಸ್ಟಿ ಕೋಲ್ಮನ್; ಆಫ್ರಿಕ ಮೂಲದವರ ಚರಿತ್ರೆಯನ್ನು ಜನರಿಗೆ ತಿಳಿಯಹೇಳುವುದಕ್ಕಾಗಿ ಆ ಸಂಸ್ಥೆಯಲ್ಲಿದ್ದ ವಿಭಾಗದ ಮುಖ್ಯಸ್ಥೆಯೂ ಆಕೆಯೇ, ಆ ದಿನದ ಕಾರ್ಯಕ್ರಮವನ್ನು ಯೋಜಿಸಿದವಳೂ ಆಕೆಯೇ.

ಅಭಿನಯ ತೊಡಗುವುದಕ್ಕೆ ಮೊದಲೇ ಅಲ್ಲಿ ಗಲಭೆಯೆದ್ದಿತ್ತು. ಕಪ್ಪುಜನರ ಹಕ್ಕುಗಳಿಗಾಗಿ ಬಹುಕಾಲದಿಂದ ಹೋರಾಡಿಕೊಂಡು ಬಂದಿರುವ ಎನ್‌ಎಎಸಿಪಿ ಸಂಘದ ಕಾರ್ಯಕರ್ತರು, ತಮ್ಮ ಮುತ್ತಜ್ಜಿ ಮುತ್ತಜ್ಜಂದಿರ ಸಂಕಟವನ್ನು ರಜೆಗೆ ಬಂದ ಪ್ರವಾಸಿಗಳಿಗೆ ನೋಟವಾಗಿ ಒದಗಿಸುವುದು ಆ ಸಂಕಟವನ್ನು ಇನ್ನೊಮ್ಮೆ ಮಾರಿದಂತೆಯೇ ಸರಿ ಎಂದು ಪ್ರತಿಭಟಿಸಲು ಬಂದಿದ್ದರು. ಮೊದಲು ನೋಡಿ, ಆಮೇಲೆ ತೀರ್ಪು ಹೇಳಿ ಎಂದು ಕೋಲ್ಮನ್ ಅವರು ಗದ್ಗದಿತರಾಗಿ ಬೇಡಿಕೊಳ್ಳಬೇಕಾಯಿತು. ವಿಚಿತ್ರವೆಂದರೆ, ಹಾಗೆ ಪ್ರತಿಭಟಿಸಲು ಬಂದವರಲ್ಲಿ ಪ್ರಮುಖರಾಗಿದ್ದ ಜ್ಯಾಕ್ ಗ್ರೇವ್ಲಿ ಎಂಬ ಆ ಸಂಘದ ಪದಾಧಿಕಾರಿ, ಎಲ್ಲವೂ ಮುಗಿದ ಮೇಲೆ ತಮ್ಮ ಅಭಿಪ್ರಾಯ ಬದಲಾಯಿತೆಂದು ಬಹಿರಂಗವಾಗಿಯೇ ಒಪ್ಪಿಕೊಂಡರು. ಅದಾದ ಬಳಿಕ ಆ ಹರಾಜನ್ನು ಅಲ್ಲಿ ಮತ್ತೆ ಆಡಲಿಲ್ಲ.

ಆಡಿದ್ದು ಸರಿ, ಮತ್ತೆ ಆಡದೆ ಬಿಟ್ಟದ್ದೂ ಸರಿ ಎಂಬುದು ನನ್ನ ಅಭಿಪ್ರಾಯ. ಇವೆರಡೂ ಪರಸ್ಪರ ವಿರುದ್ಧವಾದ ಮಾತುಗಳೆಂದು ತೋರಬಹುದು; ಆದರೆ ವಸಾಹತುಕಾಲದ ಚರಿತ್ರೆಯನ್ನು ಜನಕ್ಕೂ ವಿಶೇಷವಾಗಿ ಮಕ್ಕಳಿಗೂ ಹೇಳಿಕೊಡಬೇಕೆಂದು ಹೊರಡುವ ಸಂಗ್ರಹಾಲಯವೊಂದು ಎಲ್ಲಿಯವರೆಗೆ ತೋರಿಸಬೇಕು, ಎಲ್ಲಿಂದ ಮುಂದೆ ಮಾತನಾಡಬೇಕು, ಯಾರನ್ನು ಕೇಳಿ ಮಾತನಾಡಬೇಕು ಎಂಬ ಪ್ರಶ್ನೆ ಈ ಎರಡು ಮಾತುಗಳ ನಡುವೆಯೇ ಇದೆಯಾದ್ದರಿಂದ, ಅದನ್ನು ಸ್ವಲ್ಪ ಸಾವಧಾನವಾಗಿ ವಿಚಾರ ಮಾಡುವುದು ಒಳ್ಳೆಯದು.

ವಿಲಿಯಮ್ಸ್‌ಬರ್ಗ್ ಸಾಮಾನ್ಯ ಅರ್ಥದ ಸಂಗ್ರಹಾಲಯವಲ್ಲ. ಗಾಜಿನ ಪೆಟ್ಟಿಗೆಗಳೂ ಹಿತ್ತಾಳೆಯ ಫಲಕಗಳೂ ಅಲ್ಲಿ ಮುಖ್ಯವಲ್ಲ. ಊರಿಗೆ ಊರೇ ಸಂಗ್ರಹಾಲಯ. 1699ರಿಂದ 1780ರವರೆಗೆ ಇಂಗ್ಲೆಂಡಿನ ವರ್ಜೀನಿಯಾ ವಸಾಹತಿಗೆ, ಕೊನೆಯಲ್ಲಿ ಕೆಲವು ವರ್ಷ ದಂಗೆಯೆದ್ದ ಸ್ವತಂತ್ರ ವರ್ಜೀನಿಯಾಕ್ಕೆ, ರಾಜಧಾನಿಯಾಗಿದ್ದ ಆ ಪಟ್ಟಣ, ರಾಜಧಾನಿ ರಿಚ್ಮಂಡಿಗೆ ಹೋದ ಮೇಲೆ ಮಂಕಾಗಿ, ಒಂದೂವರೆ ಶತಮಾನ ಹೇಗೋ ಕಾಲ ಕಳೆಯುತ್ತಿರುವಾಗ, ಬ್ರೂಟನ್ ಚರ್ಚಿನ ಪಾದ್ರಿ ಡಬ್ಲ್ಯು. ಎ. ಆರ್. ಗುಡ್ವಿನ್ ಎಂಬವರು ಆ ಹಳೆಯ ಊರನ್ನು ಹಳೆಯ ರೂಪದಲ್ಲಿಯೇ ಮತ್ತೆ ಎಬ್ಬಿಸಬೇಕೆಂಬ ಕನಸನ್ನು ಕಿರಿಯ ಜಾನ್ ಡಿ. ರಾಕ್‌ಫೆಲರ್ ಅವರ ಮುಂದಿಟ್ಟು, 1926ರಲ್ಲಿ ಆ ಮಹಾಧನಿಕನ ಒಪ್ಪಿಗೆಯನ್ನು ಪಡೆದರು. ಎಂಬತ್ತಕ್ಕೂ ಮಿಗಿಲಾದ ಮೂಲ ಕಟ್ಟಡಗಳನ್ನು ಜೀರ್ಣೋದ್ಧಾರ ಮಾಡಿದರು. ಬಿದ್ದುಹೋದ ಅನೇಕ ಕಟ್ಟಡಗಳನ್ನು ಅಡಿಪಾಯ ಅಗೆದು, ಹಳೆಯ ಪತ್ರ ಹುಡುಕಿ, ಹೊಸದಾಗಿ ಕಟ್ಟಿಸಿದರು. ಗವರ್ನರನ ಅರಮನೆ 1781ರಲ್ಲಿಯೇ ಸುಟ್ಟುಹೋಗಿತ್ತು. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಸಿಕ್ಕಿದ ಒಂದು ತಾಮ್ರಪಟದ ಚಿತ್ರವನ್ನೂ ಜೆಫರ್ಸನ್ ಬರೆದಿಟ್ಟಿದ್ದ ನಕ್ಷೆಯನ್ನೂ ಆಧಾರವಾಗಿಟ್ಟುಕೊಂಡು ಅದನ್ನು ಮತ್ತೆ ನಿಲ್ಲಿಸಿ 1934ರಲ್ಲಿ ಜನಕ್ಕೆ ತೆರೆದರು. ಈ ಕಾರ್ಯದಲ್ಲಿ ತೋರಿದ ಪರಿಶ್ರಮವೂ ವಿದ್ವತ್ತೂ ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಹಳೆಯದನ್ನು ಎಬ್ಬಿಸುವುದಕ್ಕಾಗಿ ಹೊಸದನ್ನು ಕೆಡವಬೇಕಾಯಿತು. ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳ ನೂರಾರು ಕಟ್ಟಡಗಳು ನೆಲಸಮವಾದವು. ಹಾಗೆ ಕೆಡವಿ ಕಟ್ಟಿದ ಊರು ಎಷ್ಟು ಚೊಕ್ಕಟವಾಯಿತೆಂದರೆ, ಬೀದಿಯಲ್ಲಿ ಸಗಣಿಯಿಲ್ಲ, ಬೇಲಿಗೆ ಬಣ್ಣ ಮಾಸಿಲ್ಲ, ಹಿತ್ತಿಲಿನಲ್ಲಿ ನಿಟ್ಟುಸಿರಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಸುಮಾರು ಎರಡು ಸಾವಿರ ಜನ ವಾಸಿಸುತ್ತಿದ್ದ ಆ ಪಟ್ಟಣದಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಫ್ರಿಕ ಮೂಲದವರು, ಅವರಲ್ಲಿ ಬಹುಪಾಲು ಗುಲಾಮರು. ಅಡುಗೆ ಮಾಡಿದವರು ಅವರು, ನೀರು ಹೊತ್ತವರು ಅವರು, ಕುದುರೆ ಮಾಲೀಸು ಮಾಡಿದವರು, ಧಣಿಯ ಮಗುವಿಗೆ ಮೊಲೆಯೂಡಿದವರು ಅವರು. ಇಷ್ಟಾಗಿಯೂ ಸಂಗ್ರಹಾಲಯ ತೆರೆದ ಮೇಲೆ ಸುಮಾರು ಅರ್ಧ ಶತಮಾನದ ಕಾಲ ಅಲ್ಲಿ ಮಾತನಾಡುತ್ತಿದ್ದುದೆಲ್ಲ ಧಣಿಗಳ ಪೀಠೋಪಕರಣಗಳ ವಿಷಯ. ಬಂದವರಿಗೆಲ್ಲ ತೋರಿಸುವುದಕ್ಕಾಗಿ 1957ರಲ್ಲಿ ತಯಾರಿಸಿ ದಶಕಗಟ್ಟಲೆ ನಡೆಸಿದ ಚಲನಚಿತ್ರದ ನಾಯಕನೂ ಒಬ್ಬ ಜಮೀನುದಾರನೇ. ಗುಲಾಮರು ಅಲ್ಲಿ ಹಿನ್ನೆಲೆಯಲ್ಲಿ ಸುಳಿದು ಹೋಗುತ್ತಾರೆ, ಅಷ್ಟೇ. 1979ರಲ್ಲಿ ಆರು ಮಂದಿ ಕಪ್ಪು ನಟರನ್ನು ನೇಮಿಸಿಕೊಂಡು, ಅವರ ಬಾಯಿಂದ ಆ ಇನ್ನರ್ಧ ಊರಿನ ಮಾತು ಮೊದಲ ಸಲ ಕೇಳುವಂತೆ ಮಾಡಲಾಯಿತು. ಆ ಆರು ಮಂದಿಯಲ್ಲಿ ಒಬ್ಬರಾಗಿದ್ದ ರೆಕ್ಸ್ ಎಲ್ಲಿಸ್ ಮುಂದೆ ಇದಕ್ಕಾಗಿ ಒಂದು ಪ್ರತ್ಯೇಕ ವಿಭಾಗವನ್ನೇ ಕಟ್ಟಿದರು.

ವಿಲಿಯಮ್ಸ್‌ಬರ್ಗಿನ ಬೋಧನಕ್ರಮದಲ್ಲಿ ನನಗೆ ಅತ್ಯಂತ ಹಿಡಿಸಿರುವುದು ಅರಮನೆಯಲ್ಲ, ಇಟ್ಟಿಗೆ ಗೂಡು. ಬೇಸಗೆಯಲ್ಲಿ ಅಲ್ಲಿಗೆ ಬಂದ ಮಕ್ಕಳು ಬೂಟು ಕಾಲುಚೀಲಗಳನ್ನು ಕಳಚಿಟ್ಟು ಗುಂಡಿಯೊಳಕ್ಕೆ ಇಳಿಯುತ್ತಾರೆ. ನೀರು ಬೆರೆಸಿದ ಜೇಡಿಮಣ್ಣನ್ನು ಬರಿಗಾಲಿನಲ್ಲಿ ತುಳಿದು ತುಳಿದು ಹದಕ್ಕೆ ತರುತ್ತಾರೆ. ತುಳಿದ ಮಣ್ಣು ಮರದ ಅಚ್ಚುಗಳಿಗೆ ಹೋಗಿ, ಇಟ್ಟಿಗೆಯಾಗಿ, ಸಾಲುಸಾಲಾಗಿ ಒಣಗಿ, ಶರತ್ಕಾಲದಲ್ಲಿ ಗೂಡೇರಿ, ಹಗಲು ರಾತ್ರಿ ಬೆಂಕಿಯಲ್ಲಿ ಬೆಂದು, ಕಡೆಗೆ ಅದೇ ಊರಿನ ಯಾವುದೋ ಮನೆಯ ಗೋಡೆಗೋ ಹೊಗೆಗೂಡಿಗೋ ಸೇರುತ್ತದೆ. ಮಣ್ಣಿನಲ್ಲಿ ಕಾಲಿಟ್ಟ ಮಗು ಮೊದಲು ನಗುತ್ತದೆ, ಮಣ್ಣು ತಣ್ಣಗಿದೆಯೆನ್ನುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಕಾಲು ನೋಯುತ್ತದೆ. ಆಗ ಪಕ್ಕದಲ್ಲಿರುವ ಕುಶಲಿ, ಇದನ್ನು ಹದಿನೆಂಟನೆಯ ಶತಮಾನದಲ್ಲಿ ದಿನವಿಡೀ ತುಳಿಯುತ್ತಿದ್ದವರು ಯಾರು, ಅವರ ವಯಸ್ಸೆಷ್ಟಿದ್ದಿರಬಹುದು, ಕೂಲಿ ಯಾರ ಕೈಗೆ ಹೋಗುತ್ತಿತ್ತು ಎಂದು ಕೇಳಿದರೆ, ಆ ಪ್ರಶ್ನೆಗೆ ಹರಾಜುಕಟ್ಟೆಯ ಆವಶ್ಯಕತೆ ಇಲ್ಲ. ಕಮ್ಮಾರ, ಪೀಪಾಯಿ ಮಾಡುವವ, ಚಕ್ರ ಮಾಡುವವ, ಕೃತಕ ಕೇಶ ಹೆಣೆಯುವವ, ಮುದ್ರಕ, ಬೆಳ್ಳಿಯ ಕೆಲಸದವ ಹೀಗೆ ಇಪ್ಪತ್ತಕ್ಕೂ ಮೇಲ್ಪಟ್ಟ ಕಸುಬುಗಳು ಅಲ್ಲಿ ಜೀವಂತವಾಗಿವೆ. ಕಲಿಯಲು ಸೇರಿದವರು ಎಷ್ಟೋ ಕಸುಬುಗಳಲ್ಲಿ ಐದಾರು ವರ್ಷ ಶಿಷ್ಯವೃತ್ತಿ ಮಾಡಿ, ಹಳೆಯ ಉಪಕರಣಗಳಿಂದಲೇ ಹಳೆಯ ವಸ್ತುಗಳನ್ನು ಮಾಡಿ ತೋರಿಸಿ, ಆಮೇಲೆ ಕುಶಲಿಗಳೆನಿಸಿಕೊಳ್ಳುತ್ತಾರೆ. ಅಲ್ಲಿಯ ಕೊಳಲು ತಮಟೆಗಳ ಮೇಳದಲ್ಲಿ, 1958ರಿಂದ ಇಂದಿನವರೆಗೂ, ಹತ್ತರಿಂದ ಹದಿನೆಂಟರವರೆಗಿನ ಸ್ಥಳೀಯ ಹುಡುಗರು, ಈಚೆಗೆ ಹುಡುಗಿಯರೂ, ತರಬೇತಿ ಪಡೆದು ಬೀದಿಯಲ್ಲಿ ನಡೆಯುತ್ತಾರೆ. ಊರಿನ ಮಕ್ಕಳಿಗೆ ಸಂಗ್ರಹಾಲಯ ನೋಡಿ ಬರುವ ಸ್ಥಳವಲ್ಲ, ಸಾಯಂಕಾಲ ಅಭ್ಯಾಸಕ್ಕೆ ಹೋಗುವ ಸ್ಥಳ. ಇದು ಸಣ್ಣ ಸಂಗತಿಯಲ್ಲ.

ಇನ್ನು ಪಾತ್ರಧಾರಿಗಳ ಮಾತು. ಜೆಫರ್ಸನ್, ವಾಷಿಂಗ್ಟನ್, ಪ್ಯಾಟ್ರಿಕ್ ಹೆನ್ರಿ ಮೊದಲಾದವರ ವೇಷದಲ್ಲಿ ಬೀದಿಗೆ ಬರುವ ಇವರು ಕಂಠಪಾಠ ಮಾಡಿದ ನಾಟಕವನ್ನು ಒಪ್ಪಿಸುವುದಿಲ್ಲ. ನೋಡುವವರು ಏನು ಕೇಳಿದರೂ ಆ ಪಾತ್ರದ ಒಳಗಿನಿಂದಲೇ ಉತ್ತರ ಹೇಳಬೇಕು. ನಮ್ಮ ತಾಳಮದ್ದಳೆಯನ್ನು ಬಲ್ಲವರಿಗೆ ಇದರ ಕಷ್ಟವನ್ನು ವಿವರಿಸಬೇಕಾದುದಿಲ್ಲ: ಪ್ರಸಂಗ ಗೊತ್ತು, ಭಾಗವತರು ಹಾಡುವ ಪದ್ಯ ಗೊತ್ತು, ಆದರೆ ಎದುರು ಕುಳಿತ ಅರ್ಥಧಾರಿ ಯಾವ ಪ್ರಶ್ನೆ ಎಸೆಯುವನೆಂಬುದು ಗೊತ್ತಿಲ್ಲ, ಕೌರವನ ಅರ್ಥ ಹೇಳುವವನು ಕೌರವನಿಗಾಗಿಯೇ ವಾದಿಸಬೇಕು, ಅಧರ್ಮವನ್ನು ಅದರ ಬಾಯಿಂದಲೇ ಆಡಿಸಿ ಸಭೆಗೆ ಕಾಣಿಸಬೇಕು. ಮನುಷ್ಯರೆಲ್ಲ ಸಮಾನರೆಂದು ಬರೆದ ಕೈಯೇ ಗುಲಾಮರ ಲೆಕ್ಕದ ಪುಸ್ತಕವನ್ನೂ ಬರೆಯಿತಲ್ಲ, ಇದು ಹೇಗೆ ಎಂದು ಹೈಸ್ಕೂಲಿನ ಒಬ್ಬ ಹುಡುಗಿ ಕೇಳಿದಾಗ, ಜೆಫರ್ಸನ್ನನ ಪಾತ್ರಧಾರಿ ಇಂದಿನ ಸಜ್ಜನನಂತೆ ಕ್ಷಮೆ ಬೇಡಿದರೆ ಅದು ಸುಳ್ಳಾಗುತ್ತದೆ. ಅಂದಿನ ಧಣಿಯಂತೆ ನುಣುಚಿಕೊಂಡರೆ, ಆ ನುಣುಚಿಕೆಯನ್ನು ನುಣುಚಿಕೆಯೆಂದು ಗುರುತಿಸುವ ಶಕ್ತಿ ಹುಡುಗಿಗೆ ಇರಬೇಕಾಗುತ್ತದೆ. ತಾಳಮದ್ದಳೆಯ ಸಭೆಗೆ ಮಹಾಭಾರತ ಮೊದಲೇ ಗೊತ್ತಿರುತ್ತದೆ. ಪ್ರವಾಸಿಗೆ ವರ್ಜೀನಿಯಾದ ಇತಿಹಾಸ ಗೊತ್ತಿರುವುದಿಲ್ಲ. ಆದುದರಿಂದ ವೇಷ ಕಳಚಿದ ಮೇಲೆ ನಡೆಯುವ ಮಾತೇ ಪಾಠದ ಮುಖ್ಯಭಾಗವೆಂದು ನನ್ನ ನಂಬಿಕೆ.

ಈ ಮಾತು ಎಷ್ಟು ಸುಲಭವಾಗಿ ತಪ್ಪಿಹೋಗಬಲ್ಲದೆಂಬುದನ್ನು ರಿಚರ್ಡ್ ಹ್ಯಾಂಡ್ಲರ್ ಮತ್ತು ಎರಿಕ್ ಗೇಬಲ್ ಎಂಬ ಇಬ್ಬರು ಮಾನವಶಾಸ್ತ್ರಜ್ಞರು ಅಲ್ಲಿಯ ದೈನಂದಿನ ವ್ಯವಹಾರವನ್ನು ಬಹುಕಾಲ ಗಮನಿಸಿ 1997ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟರು. ಸಂಸ್ಥೆಯ ಮೇಲ್ಮಟ್ಟದ ವಿದ್ವಾಂಸರು ಹೊಸ ಸಾಮಾಜಿಕ ಇತಿಹಾಸವನ್ನು ಹೇಳಬೇಕೆಂದು ನಿಶ್ಚಯಿಸಿದ್ದರೂ, ದಿನವೂ ಪ್ರವಾಸಿಗಳ ಮುಂದೆ ನಿಲ್ಲುವ ಮಾರ್ಗದರ್ಶಕರಲ್ಲಿ ಹಲವರು, ಧಣಿಗಳಿಗೂ ಗುಲಾಮ ಸ್ತ್ರೀಯರಿಗೂ ಇದ್ದ ಸಂಬಂಧದಂಥ ಇರುಸುಮುರುಸಿನ ವಿಷಯ ಬಂದಾಗ, ದಾಖಲೆ ಸಾಲದೆಂದು ಹೇಳಿ ಜಾರಿಕೊಳ್ಳುತ್ತಿದ್ದರಂತೆ. ದಾಖಲೆಯ ಮೇಲಿನ ಈ ಭಕ್ತಿ ಒಪ್ಪತಕ್ಕದ್ದೇ. ಆದರೆ ಅದೇ ಸಂಸ್ಥೆ ಅರಮನೆಯನ್ನು ಮೊದಲು ಅಲಂಕರಿಸಿದಾಗ ಎಷ್ಟೋ ವಿಷಯಗಳಲ್ಲಿ ತನ್ನ ಕಾಲದ ಅಭಿರುಚಿಯನ್ನೇ ನಂಬಿಕೊಂಡು, 1980ರ ಹೊತ್ತಿಗೆ ಬಾಟಟಾರ್ಟ್ ಎಂಬ ಗವರ್ನರನ ಆಸ್ತಿಪಟ್ಟಿಯನ್ನು ಮತ್ತೆ ಓದಿ ಒಳಾಂಗಣವನ್ನೆಲ್ಲ ಬದಲಾಯಿಸಬೇಕಾಯಿತೆಂಬುದನ್ನು ನೆನೆದರೆ, ಪರದೆಯ ಬಣ್ಣಕ್ಕೆ ಸಾಕಾಗುವ ಊಹೆ ಮನುಷ್ಯರ ಬಾಳಿಗೆ ಏಕೆ ಸಾಲದು ಎಂದು ಕೇಳಬೇಕೆನಿಸುತ್ತದೆ.

ಈಗ ಹರಾಜಿಗೆ ಹಿಂದಿರುಗೋಣ. ಐವತ್ತು ವರ್ಷ ಮುಚ್ಚಿಟ್ಟ ವಿಷಯವನ್ನು ತೆರೆದ ಬೀದಿಯಲ್ಲಿ, ಅದೂ ಆ ನೋವಿನ ವಾರಸುದಾರಳಾದ ಒಬ್ಬ ಹೆಂಗಸಿನ ಸ್ವಂತ ನಿರ್ಧಾರದಿಂದ, ಒಮ್ಮೆ ಎತ್ತಿ ತೋರಿಸುವುದು ಆವಶ್ಯಕವಾಗಿತ್ತು. ತೋರಿಸದಿದ್ದರೆ ಆ ಚೊಕ್ಕಟವಾದ ಊರಿನ ಮೌನ ಒಡೆಯುತ್ತಿರಲಿಲ್ಲ. ಆದರೆ ಅದನ್ನು ವಾರಕ್ಕೊಮ್ಮೆ, ಮಧ್ಯಾಹ್ನ ಮೂರು ಗಂಟೆಗೆ, ಟಿಕೆಟ್ಟಿನ ಹಿಂಬದಿಯಲ್ಲಿ ಮುದ್ರಿಸಿದ ಕಾರ್ಯಕ್ರಮವಾಗಿ ನಡೆಸತೊಡಗಿದರೆ ಆಗುವುದೇನು? ನೋಡುವವರ ಕಣ್ಣೀರು ಅಭ್ಯಾಸಕ್ಕೆ ಬೀಳುತ್ತದೆ. ಕಟ್ಟೆ ಹತ್ತುವವರ ಅವಮಾನ ಮಾತ್ರ ಪ್ರತಿವಾರವೂ ಹೊಸದಾಗಿಯೇ ಇರುತ್ತದೆ. ಪ್ರೇಕ್ಷಕನ ವಿದ್ಯಾಭ್ಯಾಸಕ್ಕಾಗಿ ನಟಿಯೊಬ್ಬಳು ತನ್ನ ಮೈಯನ್ನು ಮತ್ತೆ ಮತ್ತೆ ಬಿಕರಿಗೆ ಒಡ್ಡಬೇಕೆಂದು ಯಾವ ಸಂಸ್ಥೆಯೂ ಕೇಳತಕ್ಕದ್ದಲ್ಲ. 1999ರಲ್ಲಿ ಗುಲಾಮಗಿರಿಯನ್ನು ಕುರಿತ ಒಂದು ಕಾರ್ಯಕ್ರಮವನ್ನು ಅಲ್ಲಿ ನಡೆಸಿ, ಓಡಿಹೋಗುವ ಗುಲಾಮರನ್ನು ಹಿಡಿಯುವ ಗಸ್ತಿನವರನ್ನು ಅಭಿನಯಿಸಿ ತೋರಿಸಿದಾಗ, ಆವೇಶಗೊಂಡ ಕೆಲವು ಪ್ರವಾಸಿಗಳು ಗಸ್ತಿನ ಪಾತ್ರಧಾರಿಗಳ ಮೇಲೆ ಬಿದ್ದು ಬಂದೂಕು ಕಸಿಯಲು ಹೋದರು. ಒಬ್ಬನಂತೂ ತಾನೇ ದಂಗೆಯ ಮುಂದಾಳಾಗಲು ಹೊರಟನು. ಅವರ ಹೃದಯ ಒಳ್ಳೆಯದೇ ಇರಬೇಕು. ಆದರೆ ಅರ್ಧಗಂಟೆಯ ಶೌರ್ಯದಿಂದ ಇನ್ನೂರು ವರ್ಷದ ಹಿಂದಿನ ಅನ್ಯಾಯವನ್ನು ತಾನು ತಡೆಯುತ್ತಿದ್ದೆನೆಂಬ ತೃಪ್ತಿಯನ್ನು ಹೊತ್ತು ಮನೆಗೆ ಹೋದವನು ಕಲಿತದ್ದು ಏನೂ ಇಲ್ಲ. ಅಂದು ಆ ಊರಿನಲ್ಲಿ ಒಳ್ಳೆಯ ಹೃದಯದವರೇ ಎಷ್ಟೋ ಮಂದಿ ಸುಮ್ಮನಿದ್ದುದು ಏಕೆ ಎಂಬ ಕಠಿನವಾದ ಪ್ರಶ್ನೆ ಅವನನ್ನು ಮುಟ್ಟಲೇ ಇಲ್ಲ.

ಮುಟ್ಟಿಸುವ ದಾರಿ ಬೇರೆ ಇದೆ; ಅದೂ ವಿಲಿಯಮ್ಸ್‌ಬರ್ಗಿನಲ್ಲಿಯೇ ಇದೆ. ಲಂಡನ್ನಿನ ಒಂದು ಕ್ರೈಸ್ತ ಧರ್ಮಸಂಸ್ಥೆ, ಬೆಂಜಮಿನ್ ಫ್ರ್ಯಾಂಕ್ಲಿನ್ನನ ಸಲಹೆಯ ಮೇರೆಗೆ, 1760ರಲ್ಲಿ ಆ ಊರಿನಲ್ಲಿ ಕಪ್ಪುಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆಯಿತು. ಬ್ರೇ ಶಾಲೆಯೆಂದು ಅದರ ಹೆಸರು. ಆನ್ ವೇಜರ್ ಎಂಬ ಬಿಳಿಯ ವಿಧವೆ 1774ರಲ್ಲಿ ತಾನು ಸಾಯುವವರೆಗೂ ಅಲ್ಲಿ ಪಾಠ ಹೇಳಿದಳು. ಮುನ್ನೂರರಿಂದ ನಾನೂರು ಮಕ್ಕಳು ಅಲ್ಲಿ ಕಲಿತಿರಬೇಕೆಂದು ಅಂದಾಜು. ಶಾಲೆಯ ಉದ್ದೇಶ ಉದಾತ್ತವೆಂದು ಭಾವಿಸಬೇಕಾಗಿಲ್ಲ: ಬೈಬಲ್ ಓದಿ, ವಿಧೇಯರಾಗಿ, ದಾಸ್ಯವೇ ದೇವರು ತಮಗೆ ವಿಧಿಸಿದ ಸ್ಥಾನವೆಂದು ಮಕ್ಕಳು ಒಪ್ಪಿಕೊಳ್ಳಲಿ ಎಂಬುದೇ ಅದರ ಇಂಗಿತ. ಆದರೆ ಓದು ಕಲಿಸಿದವರ ಇಚ್ಛೆಯನ್ನು ಮೀರಿಯೂ ಅಕ್ಷರ ಕೆಲಸ ಮಾಡುತ್ತದೆ. 1765ರ ಶಾಲಾಪಟ್ಟಿಯಲ್ಲಿ ಜಾನ್ ಬ್ಲೇರ್ ಎಂಬ ಗಣ್ಯನ ಮನೆಯ ಗುಲಾಮ ಮಗುವೆಂದು ನಮೂದಾಗಿರುವ ಐಸಾಕ್ ಬೀ ಎಂಬವನು, ಬೆಳೆದು, ಲೂಯಿಸ್ ಬರ್ವೆಲ್ ಎಂಬ ಇನ್ನೊಬ್ಬ ಧಣಿಯ ವಶಕ್ಕೆ ಹೋಗಿ, 1774ರಲ್ಲಿ ಓಡಿಹೋದನು. ಹಿಡಿದುಕೊಟ್ಟವರಿಗೆ ಬಹುಮಾನವೆಂದು ಬರ್ವೆಲ್ ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತಿನಲ್ಲಿ, ಅವನು ಓದಬಲ್ಲ, ಬರೆಯಬಲ್ಲನೋ ಇಲ್ಲವೋ ತಿಳಿಯದು ಎಂಬ ಒಂದು ಮಾತೂ, ಅವನ ತಂದೆ ಸ್ವತಂತ್ರನಾಗಿದ್ದುದರಿಂದ ತನಗೂ ಸ್ವಾತಂತ್ರ್ಯದ ಹಕ್ಕುಂಟೆಂದು ಅವನು ತಿಳಿದಿದ್ದಾನೆಂಬ ಇನ್ನೊಂದು ಮಾತೂ ಇವೆ. ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನೇ ಅನುಸರಿಸತಕ್ಕದ್ದೆಂದು ವರ್ಜೀನಿಯಾ 1662ರಲ್ಲಿಯೇ ಶಾಸನ ಮಾಡಿಕೊಂಡಿತ್ತು. ತಂದೆಯ ಹೆಸರು ಹೇಳಿಕೊಂಡು ಓಡಿಹೋದ ಆ ಯುವಕನಿಗೆ ಶಾಸನ ಗೊತ್ತಿದ್ದರೂ ಅದು ನ್ಯಾಯವೆಂದು ತೋರಿರಲಾರದು.

ಈ ಜಾಹೀರಾತಿನ ಹತ್ತು ಸಾಲುಗಳನ್ನು ಮೂವತ್ತು ಮಕ್ಕಳ ಕೈಗೆ ಕೊಟ್ಟು, ಬರೆದವನು ಯಾರು, ಯಾವ ಮಾತನ್ನು ಅವನು ಹೆದರಿ ಬರೆದಿದ್ದಾನೆ, ಓದು ಬಲ್ಲವನು ಓಡಿಹೋದರೆ ಧಣಿಗೆ ಏಕೆ ಹೆಚ್ಚು ಭಯ ಎಂದು ಕೇಳಿದರೆ, ಒಂದು ಹೊತ್ತು ಸಾಲದಷ್ಟು ವಿಚಾರ ಅಲ್ಲಿಂದ ಹೊರಡುತ್ತದೆ. ಓದು ಕಲಿಸುವುದಕ್ಕಾಗಿ ಕಪ್ಪುಜನ ಸಭೆ ಸೇರುವುದನ್ನೇ ವರ್ಜೀನಿಯಾ 1831ರಲ್ಲಿ ಕಾನೂನಿನಿಂದ ನಿಷೇಧಿಸಿತೆಂಬ ಸಂಗತಿಯನ್ನು ಆಮೇಲೆ ಹೇಳಿದರೆ ಸಾಕು, ಮಕ್ಕಳು ತಾವೇ ತಾಳೆ ಹಾಕಿಕೊಳ್ಳುತ್ತಾರೆ. ಆ ಶಾಲೆ ಮೊದಲು ನಡೆದ ಮನೆ ಅಳಿದುಹೋಗಿರಲಿಲ್ಲ. ವಿಲಿಯಂ ಅಂಡ್ ಮೇರಿ ಕಾಲೇಜಿನ ಆವರಣದಲ್ಲಿ ಬೇರೆ ಬೇರೆ ವೇಷಗಳಲ್ಲಿ ನಿಂತೇ ಇತ್ತು. ಅದರ ಮರಗಳ ವಾರ್ಷಿಕ ಉಂಗುರಗಳನ್ನು ಪರೀಕ್ಷಿಸಿ 2020ರಲ್ಲಿ ಅದೇ ಎಂದು ನಿಶ್ಚಯಿಸಿ, 2023ರ ಫೆಬ್ರುವರಿಯಲ್ಲಿ ಇಡೀ ಮನೆಯನ್ನು ಗಾಡಿಯ ಮೇಲೇರಿಸಿ ಸಂಗ್ರಹಾಲಯದ ಹಳೆಯ ಊರಿನೊಳಕ್ಕೆ ತಂದು ನಿಲ್ಲಿಸಿದರು.

ಹಾಗೆಯೇ ಅದೇ ಊರಿನ ನಾಸೋ ಬೀದಿಯ ವಿಷಯ. ಗೋವನ್ ಪ್ಯಾಂಫ್ಲೆಟ್ ಎಂಬ, ಪಾನಗೃಹವೊಂದರಲ್ಲಿ ಗುಲಾಮನಾಗಿದ್ದುಕೊಂಡೇ ಧರ್ಮಬೋಧಕನಾದ ಮನುಷ್ಯನ ಹೆಸರಿನೊಡನೆ ಬೆಸೆದುಕೊಂಡಿರುವ ಕಪ್ಪುಜನರ ಬ್ಯಾಪ್ಟಿಸ್ಟ್ ಚರ್ಚು ಅಲ್ಲಿತ್ತು. 1950ರ ದಶಕದಲ್ಲಿ ಆ ನಿವೇಶನವನ್ನು ಸಂಗ್ರಹಾಲಯವೇ ಕೊಂಡು, ಕಟ್ಟಡವನ್ನು ಕೆಡವಿಸಿ, ಮುಂದೆ ಅದರ ಮೇಲೆ ಕಾರು ನಿಲ್ಲಿಸುವ ಜಾಗ ಮಾಡಿತು. 2020ರಲ್ಲಿ ಡಾಂಬರನ್ನು ಕಿತ್ತು ಉತ್ಖನನ ಆರಂಭಿಸಿದ ಮೇಲೆ ಕ್ರಮೇಣ ಅರುವತ್ತಕ್ಕೂ ಹೆಚ್ಚು ಸಮಾಧಿಗಳು ಕಾಣಿಸಿಕೊಂಡವು. ಆಗ ಆ ಸಂಸ್ಥೆ ಮಾಡಿದ ಒಂದು ಕೆಲಸ ಅದರ ಹಿಂದಿನ ಎಲ್ಲ ಅಭಿನಯಗಳಿಗಿಂತ ದೊಡ್ಡದೆಂದು ನಾನು ಎಣಿಸುತ್ತೇನೆ: ಯಾವ ಸಮಾಧಿಯನ್ನು ತೆರೆಯಬೇಕು, ತೆರೆಯಲೇಬೇಕೆ, ಎಲುಬುಗಳನ್ನು ಏನೆಂದು ಪರೀಕ್ಷಿಸಬೇಕು ಎಂಬ ಪ್ರಶ್ನೆಗಳನ್ನು ಆ ಚರ್ಚಿನ ಇಂದಿನ ಸಭೆಯವರ ಮುಂದೆ, ಅಲ್ಲಿ ಮಣ್ಣಾದವರ ಸಂತತಿಯ ಮುಂದೆ ಇಟ್ಟಿತು. ಅಗೆಯಿರಿ, ಅವರು ಯಾರೆಂದು ನಮಗೆ ತಿಳಿಯಬೇಕು ಎಂದು ಅವರು ಹೇಳಿದ ಬಳಿಕವೇ ಕೆಲವು ಸಮಾಧಿಗಳನ್ನು ತೆರೆಯಲಾಯಿತು. 1994ರ ಪ್ರತಿಭಟನೆಗೆ ನಿಜವಾದ ಉತ್ತರ ಬಂದದ್ದು ಆಗ, ಕಾಲು ಶತಮಾನಕ್ಕೂ ಹೆಚ್ಚು ತಡವಾಗಿ. ಕ್ರಿಸ್ಟಿ ಕೋಲ್ಮನ್ ಅವರು ಅಷ್ಟರಲ್ಲಿ ಬೇರೆಡೆಗೆ ಹೋಗಿ, 2020ರಲ್ಲಿ ನೆರೆಯ ಜೇಮ್ಸ್‌ಟೌನ್ ಯಾರ್ಕ್‌ಟೌನ್ ಪ್ರತಿಷ್ಠಾನದ ಮುಖ್ಯಸ್ಥೆಯಾಗಿದ್ದರು.

ಇದಕ್ಕೆಲ್ಲ ಹಣ ಬೇಕು ಎಂಬ ಆಕ್ಷೇಪವನ್ನು ಬಲ್ಲೆ. ಬೀದಿಗೆ ಅಲ್ಲಿ ಟಿಕೆಟ್ಟಿಲ್ಲ, ಮನೆಗಳ ಒಳಕ್ಕೆ ಉಂಟು. 1980ರ ದಶಕದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೇಲೆ ಇದ್ದ ಪ್ರವಾಸಿಗಳ ಸಂಖ್ಯೆ ಮೂವತ್ತು ವರ್ಷಗಳಲ್ಲಿ ಅರ್ಧದ ಸಮೀಪಕ್ಕೆ ಇಳಿದು, 2017ರಲ್ಲಿ ಆ ಸಂಸ್ಥೆ ಸಾಲದ ಹೊರೆ ತಾಳಲಾರದೆ ತನ್ನ ಹಲವು ವಾಣಿಜ್ಯ ಕೆಲಸಗಳನ್ನು ಹೊರಗಿನವರಿಗೆ ವಹಿಸಿ ನೌಕರರನ್ನು ಕಡಿಮೆ ಮಾಡಬೇಕಾಯಿತು. ಗುಲಾಮಗಿರಿಯ ಮಾತು ಹೆಚ್ಚಾದುದರಿಂದಲೇ ಜನ ಬರುವುದು ಕಡಿಮೆಯಾಯಿತೆಂದು ಗೊಣಗುವವರೂ ಇದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಇಡೀ ಪ್ರಪಂಚ ಅಂಗೈಯ ಗಾಜಿನಲ್ಲಿ ಸಿಗುವ ಕಾಲದಲ್ಲಿ ಮೇಣದಬತ್ತಿ ಮಾಡುವುದನ್ನು ನೋಡಲು ದೂರದಿಂದ ಬರುವವರು ಕಡಿಮೆಯಾಗುವುದಕ್ಕೆ ಬೇರೆ ಕಾರಣ ಹುಡುಕಬೇಕೆ? ಇರಲಿ, ಅಷ್ಟು ಐಶ್ವರ್ಯದ ಸಂಸ್ಥೆಯಲ್ಲಿಯೂ ಅತ್ಯಂತ ಕಡಿಮೆ ಖರ್ಚಿನಲ್ಲಿ ಅತ್ಯಂತ ದೂರ ತಲುಪಿರುವ ಕಾರ್ಯಕ್ರಮ ಅಧ್ಯಾಪಕರದೆಂದು ನನಗೆ ತೋರುತ್ತದೆ. ಕಳೆದ ಶತಮಾನದ ಕೊನೆಯ ದಶಕದಿಂದ ಬೇಸಗೆಯಲ್ಲಿ ನಾಡಿನ ನಾನಾ ಭಾಗಗಳ ಶಾಲಾ ಅಧ್ಯಾಪಕರನ್ನು ಅಲ್ಲಿಗೆ ಕರೆಸಿ, ವಾರದ ಮಟ್ಟಿಗೆ ಆ ಊರಿನಲ್ಲಿಯೇ ತಂಗಿಸಿ, ಕುಶಲಿಗಳ ಬಳಿ, ಪಾತ್ರಧಾರಿಗಳ ಬಳಿ, ದಾಖಲೆಗಳ ಬಳಿ ಕೂರಿಸಿ ಕಳುಹಿಸುತ್ತಾರೆ. ಒಬ್ಬ ಮೇಷ್ಟರು ಊರಿಗೆ ಹಿಂದಿರುಗಿ ಮುಂದಿನ ಇಪ್ಪತ್ತು ವರ್ಷ ಪಾಠ ಹೇಳುತ್ತಾರೆ. ಅವರ ಮಕ್ಕಳಲ್ಲಿ ವಿಲಿಯಮ್ಸ್‌ಬರ್ಗನ್ನು ಕಣ್ಣಾರೆ ಕಾಣುವವರು ಎಷ್ಟು ಮಂದಿಯೋ, ಕಾಣದವರಿಗೂ ಅದು ಮುಟ್ಟುತ್ತದೆ.

ಅಮೆರಿಕದ ಈ ಊರಿನ ಮಾತು ನಮಗೇಕೆ ಎಂದು ಕೇಳುವವರಿಗೆ ಒಂದು ಹೆಸರನ್ನು ನೆನಪಿಸುತ್ತೇನೆ. 1781ರ ಜೂನ್ ಕೊನೆಯಲ್ಲಿ ಸೈನ್ಯದೊಡನೆ ವಿಲಿಯಮ್ಸ್‌ಬರ್ಗಿಗೆ ಬಂದು, ಅಲ್ಲಿಯ ಕಾಲೇಜಿನ ಅಧ್ಯಕ್ಷರ ಮನೆಯಲ್ಲಿ ಬಿಡಾರ ಹೂಡಿದ್ದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್, ಅದೇ ಅಕ್ಟೋಬರ್ 19ರಂದು, ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೂ ಫ್ರೆಂಚರಿಗೂ ಶರಣಾದನು. ಕತ್ತಿಯನ್ನು ಒಪ್ಪಿಸಲು ತಾನು ಬಾರದೆ, ಮೈಗೆ ಹುಷಾರಿಲ್ಲವೆಂದು ಅಧೀನ ಅಧಿಕಾರಿಯನ್ನು ಕಳುಹಿಸಿದನು. ಸ್ವಾತಂತ್ರ್ಯದ ಆಸೆಯಿಂದ ಅವನ ಸೈನ್ಯವನ್ನು ನಂಬಿ ಬಂದಿದ್ದ ಗುಲಾಮರು, ಸಿಡುಬು ಹತ್ತಿದ್ದವರು, ಮುತ್ತಿಗೆಯ ದಿನಗಳಲ್ಲಿ ಹೊರಗೆ ಅಟ್ಟಲ್ಪಟ್ಟು ದಾರಿಯ ಮೇಲೆ ಸತ್ತರು. ಅದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಇಂಡಿಯಾಕ್ಕೆ ಬಂದು, 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, ಮರುವರ್ಷ ಶ್ರೀರಂಗಪಟ್ಟಣವನ್ನು ಮುತ್ತಿ, ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿಯೂ ಪಡೆದನು. ಸ್ವಾತಂತ್ರ್ಯಸಮರದ ಅಮೆರಿಕಕ್ಕೂ ಮೈಸೂರಿನ ಹೆಸರು ಅಪರಿಚಿತವಾಗಿರಲಿಲ್ಲ: 1782ರಲ್ಲಿ ಪೆನ್ಸಿಲ್ವೇನಿಯಾದವರು ಇಂಗ್ಲಿಷ್ ಹಡಗೊಂದನ್ನು ಡೆಲವೇರ್ ಕೊಲ್ಲಿಯಲ್ಲಿ ಸೆರೆಹಿಡಿದಾಗ, ಸೆರೆಹಿಡಿದ ಅವರ ಹಡಗಿನ ಹೆಸರು ಹೈದರ್ ಅಲಿ.

ವಿಲಿಯಮ್ಸ್‌ಬರ್ಗ್, ಶ್ರೀರಂಗಪಟ್ಟಣ ಎರಡೂ ಒಂದೇ ಸಾಮ್ರಾಜ್ಯದ ಕಥೆಗೆ ಸೇರಿದವು. ಆದರೆ ಶಾಲಾ ಪ್ರವಾಸದ ಬಸ್ಸು ಶ್ರೀರಂಗಪಟ್ಟಣದಲ್ಲಿ ನಿಂತಾಗ ನಡೆಯುವುದನ್ನು ಎಲ್ಲರೂ ಕಂಡಿದ್ದೇವೆ: ಮಕ್ಕಳು ಸಾಲಾಗಿ ದರಿಯಾ ದೌಲತ್ ಅರಮನೆಯೊಳಕ್ಕೆ ಹೋಗುತ್ತಾರೆ, ಮುಟ್ಟಬೇಡಿ ಎಂಬ ಮಾತನ್ನು ಹಲವು ಸಲ ಕೇಳುತ್ತಾರೆ, ಸಾಲಾಗಿ ಹೊರಗೆ ಬಂದು ಚುರುಮುರಿ ತಿನ್ನುತ್ತಾರೆ. ಪೊಳ್ಳಿಲೂರಿನಲ್ಲಿ 1780ರಲ್ಲಿ ಇಂಗ್ಲಿಷರು ಸೋತ ಚಿತ್ರ ಗೋಡೆಯ ಮೇಲಿದೆ. ಆ ಸೋಲಿನ ಚಿತ್ರವನ್ನು 1799ರ ತರುವಾಯ ಅಲ್ಲಿಯೇ ವಾಸಮಾಡಿದ ಇಂಗ್ಲಿಷ್ ಸೇನಾಧಿಕಾರಿ ವೆಲ್ಲೆಸ್ಲಿಯೇ ದುರಸ್ತು ಮಾಡಿಸಿದನೆಂಬ ಸ್ವಾರಸ್ಯವನ್ನು ಮಕ್ಕಳಿಗೆ ಹೇಳುವವರು ಯಾರು? ಆ ಕೋಟೆಯೊಳಗೆ ಇದ್ದವರು ಸುಲ್ತಾನನೂ ಸೇನಾಪತಿಗಳೂ ಮಾತ್ರವಲ್ಲ; ಕೆನರಾದಿಂದ 1784ರಲ್ಲಿ ಹಿಡಿದು ತಂದ ಕ್ರೈಸ್ತರಿದ್ದರು, ಕೊಡಗಿನಿಂದ ತಂದ ಸೆರೆಯವರಿದ್ದರು, ಇಂಗ್ಲಿಷ್ ಕೈದಿಗಳಿದ್ದರು, ನೇಕಾರರು, ಬಾಣ ಮಾಡುವವರು, ಫ್ರೆಂಚ್ ಕುಶಲಿಗಳು, ದೇವಾಲಯದ ಅರ್ಚಕರು ಎಲ್ಲರೂ ಇದ್ದರು. ಊರಿನಲ್ಲಿ ಇದ್ದವರು ಯಾರು ಎಂದು ವಿಲಿಯಮ್ಸ್‌ಬರ್ಗ್ ತಡವಾಗಿಯಾದರೂ ಕೇಳಿಕೊಂಡ ಪ್ರಶ್ನೆಯನ್ನು ನಾವು ಈ ಊರಿನ ವಿಷಯದಲ್ಲಿ ಕೇಳಿಕೊಳ್ಳದೆ, 2015ರಲ್ಲಿ ಸರಕಾರ ಆರಂಭಿಸಿ 2019ರಲ್ಲಿ ಸರಕಾರವೇ ನಿಲ್ಲಿಸಿದ ಟಿಪ್ಪು ಜಯಂತಿಯ ಪರ ವಿರೋಧಗಳಲ್ಲಿ ನಮ್ಮ ಗಂಟಲನ್ನೆಲ್ಲ ಖರ್ಚು ಮಾಡಿದ್ದೇವೆ.

ಇಲ್ಲಿ ವೇಷ ಹಾಕಿಸಿ ಕದನ ಆಡಿಸಬೇಕೆಂದು ನಾನು ಹೇಳುತ್ತಿಲ್ಲ. ಈಗಿನ ವಾತಾವರಣದಲ್ಲಿ ಅದು ಪಾಠಕ್ಕಿಂತ ಮೊದಲು ಪೊಲೀಸರನ್ನು ಕರೆಸೀತು. ಆರಂಭ ಅಧ್ಯಾಪಕರಿಂದ ಆಗಲಿ. ಮಂಡ್ಯ, ಮೈಸೂರು, ಕೊಡಗು, ದಕ್ಷಿಣ ಕನ್ನಡ ಜಿಲ್ಲೆಗಳ ಹೈಸ್ಕೂಲು ಮೇಷ್ಟರುಗಳನ್ನು ಬೇಸಗೆಯ ರಜೆಯಲ್ಲಿ ಒಂದು ವಾರ ಶ್ರೀರಂಗಪಟ್ಟಣದಲ್ಲಿ ತಂಗಿಸಿ, ಇಂಗ್ಲಿಷ್ ಕೈದಿಗಳು ಬರೆದಿಟ್ಟುದನ್ನೂ, ಪಾರಸಿ ಕಾಗದಗಳ ಕನ್ನಡ ಅನುವಾದವನ್ನೂ, ಕೊಡಗಿನ ಮತ್ತು ಕರಾವಳಿಯ ಮನೆತನಗಳಲ್ಲಿ ಉಳಿದಿರುವ ನೆನಪುಗಳನ್ನೂ, ಪಕ್ಕದ ಗಂಜಾಮಿನ ಹಿರಿಯರ ಮಾತನ್ನೂ ಒಂದೇ ಮೇಜಿನ ಮೇಲಿಟ್ಟು, ಇವುಗಳಿಂದ ಒಂಬತ್ತನೆಯ ತರಗತಿಗೆ ಯಾವ ಪ್ರಶ್ನೆಗಳನ್ನು ಕೊಂಡೊಯ್ಯುತ್ತೀರಿ ಎಂದು ಕೇಳಲಿ. ಹಾಗೆ ಕೇಳುವುದಕ್ಕೆ ಮೊದಲು, ಆ ಸೆರೆಯವರ ಸಂತತಿಯೂ ಆ ಊರಿನ ಮುಸಲ್ಮಾನ ಕುಟುಂಬಗಳೂ ತಮ್ಮ ಕಥೆಯಲ್ಲಿ ಯಾವುದನ್ನು ಹೇಗೆ ಹೇಳಬೇಕೆಂದು ಬಯಸುತ್ತಾರೆ ಎಂಬುದನ್ನು ಅವರ ಬಾಯಿಂದಲೇ ತಿಳಿದುಕೊಳ್ಳಲಿ. ಮಡಿಕೇರಿಯ ಮೇಷ್ಟರೂ ಮಂಗಳೂರಿನ ಮೇಷ್ಟರೂ ಗಂಜಾಮಿನ ಮೇಷ್ಟರೂ ಒಂದೇ ಛತ್ರದಲ್ಲಿ ಉಂಡು ಮಲಗಿದರೆ ಎರಡನೆಯ ದಿನವೇ ಜಗಳವಾದೀತೆಂದು ಅಧಿಕಾರಿಗಳು ಹೆದರಬಹುದು. ಆಗಲಿ. ಏಳು ದಿನದ ಆ ಜಗಳಕ್ಕೆ ಊಟ ವಸತಿ ಒದಗಿಸುವ ಖರ್ಚು, ಜಯಂತಿಯ ಒಂದು ದಿನದ ಬಂದೋಬಸ್ತಿಗೆ ತಗಲುತ್ತಿದ್ದ ಖರ್ಚಿಗಿಂತ ಹೆಚ್ಚಾಗಲಾರದು.